ಗಂಟಲಮಾರಿ: ಪೊರೆ ಗಂಟಲಲ್ಲಿ, ಪೆಟ್ಟು ಹೃದಯಕ್ಕೆ

ಡಿಫ್ತೀರಿಯಾ, ಅಂದರೆ ಗಂಟಲಮಾರಿ, ಎಂದೊಡನೆ ಎಲ್ಲರ ಕಣ್ಣೂ ಗಂಟಲಿನ ಬೂದು ಪೊರೆಯ ಮೇಲೆ ಬೀಳುತ್ತದೆ. ಬೀಳಲೇಬೇಕು, ಕಾಯಿಲೆಯ ಗುರುತು ಸಿಗುವುದೇ ಅಲ್ಲಿ. ಆದರೆ ಗಂಟಲಮಾರಿಯಿಂದ ತೀರಿಕೊಂಡವರೆಲ್ಲ ಉಸಿರುಕಟ್ಟಿ ತೀರಿಕೊಂಡವರಲ್ಲ. ಗಂಟಲು ತಿಳಿಯಾಗಿ, ಜ್ವರ ಇಳಿದು, ಮಗು ಎದ್ದು ಕೂತು ಊಟ ಕೇಳಲು ಶುರುಮಾಡಿದ ಮೇಲೆ, ಎರಡನೇ ವಾರದಲ್ಲಿ ಹೃದಯ ಕೈಕೊಟ್ಟು ಹೋದವರ ಪಾಲು ದೊಡ್ಡದು.

ಈ ಕಾಯಿಲೆಯ ವಿಚಾರದಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮಿಕ್ಕಿದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಗಂಟಲು ಬಿಟ್ಟು ಕದಲುವುದಿಲ್ಲ, ಅದು ತಯಾರಿಸುವ ವಿಷ ಮಾತ್ರ ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಜೀವಕೋಶದೊಳಗೆ ಹೊಕ್ಕ ವಿಷವನ್ನು ಹೊರಗೆಳೆಯುವ ಔಷಧ ಇವತ್ತಿಗೂ ಇಲ್ಲ. ಆದ್ದರಿಂದ ಲ್ಯಾಬ್ ವರದಿ ಬರಲಿ, ಆಮೇಲೆ ನೋಡೋಣ ಎನ್ನುವ ಮಾತು ಬೇರೆ ಎಷ್ಟೋ ಕಾಯಿಲೆಗಳಿಗೆ ಸರಿಹೋಗಬಹುದು, ಇದಕ್ಕೆ ಹೋಗುವುದಿಲ್ಲ.

ಬ್ಯಾಕ್ಟೀರಿಯಾ ಮತ್ತು ಅದರೊಳಗಿನ ವೈರಸ್

ಈ ಕಾಯಿಲೆ ತರುವ ಕೊರಿನೆಬ್ಯಾಕ್ಟೀರಿಯಂ ಡಿಫ್ತೀರಿಯೆ ಗ್ರಾಂ ಪಾಸಿಟಿವ್ ಕಡ್ಡಿ, ಅಂದರೆ ಗ್ರಾಂ ಬಣ್ಣ ಹಾಕಿದಾಗ ನೇರಳೆಯಾಗುವ ಕಡ್ಡಿಯಾಕಾರದ ಬ್ಯಾಕ್ಟೀರಿಯಾ. ಉದ್ದ 3ರಿಂದ 6 ಮೈಕ್ರಾನ್, ಒಂದು ತುದಿ ಉಬ್ಬಿ ಗದೆಯಂತೆ ಕಾಣುತ್ತದೆ. ಬೀಜಕ (ಕಷ್ಟಕಾಲ ದಾಟಿಸುವ ಗಟ್ಟಿ ಕವಚದ ರೂಪ) ಕಟ್ಟುವುದಿಲ್ಲ, ಚಲಿಸುವುದೂ ಇಲ್ಲ. ಒಂದು ಕೋಶ ಎರಡಾಗುವಾಗ ಪೂರ್ತಿ ಬೇರ್ಪಡದೆ ಒಂದಕ್ಕೊಂದು ಕೋನದಲ್ಲಿ ಅಂಟಿಕೊಂಡು ನಿಲ್ಲುತ್ತವೆ. ಸೂಕ್ಷ್ಮದರ್ಶಕದಲ್ಲಿ ವಿ, ಎಲ್ ಅಕ್ಷರಗಳನ್ನು ಚೆಲ್ಲಾಪಿಲ್ಲಿಯಾಗಿ ಎರಚಿದ ಹಾಗಿರುತ್ತದೆ. ಬೀಜಕವಿಲ್ಲದ ಬ್ಯಾಕ್ಟೀರಿಯಾ ಎಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕುದಿಯುವ ನೀರಿನಲ್ಲಿ ಒಂದು ನಿಮಿಷ, 58 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಇಟ್ಟರೆ ಸಾಯುತ್ತದೆ ನಿಜ, ಆದರೆ ಒಣಗುವುದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಕಂಬಳಿಯಲ್ಲಿ, ನೆಲದ ಧೂಳಿನಲ್ಲಿ ವಾರಗಟ್ಟಲೆ ಬದುಕಿರಬಲ್ಲದು. ರೋಗಿಯ ಹಾಸಿಗೆ ಬಟ್ಟೆಯನ್ನು ಕೊಡವಬಾರದು, ನೇರ ಬಿಸಿನೀರಿಗೆ ಹಾಕಬೇಕು ಎನ್ನುವುದು ಇದೇ ಕಾರಣಕ್ಕೆ.

ಗ್ರೇವಿಸ್, ಇಂಟರ್‌ಮೀಡಿಯಸ್, ಮೈಟಿಸ್ ಎಂದು ಬಗೆಗಳಿವೆ. ಹೆಸರು ನೋಡಿ ಗ್ರೇವಿಸ್ ಎಂದರೆ ಭಯಂಕರ, ಮೈಟಿಸ್ ಎಂದರೆ ಸಾಧು ಎಂದುಕೊಂಡರೆ ಮೋಸ ಹೋಗುತ್ತೀರಿ; ವಿಷ ಉತ್ಪಾದಿಸುವ ಮೈಟಿಸ್ ಕೂಡ ಕೊಲ್ಲುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ತಳಿ ವಿಷ ಮಾಡುತ್ತದೋ ಇಲ್ಲವೋ?

ಅದಕ್ಕೆ ಉತ್ತರ ಕೊಡುವುದು ಬ್ಯಾಕ್ಟೀರಿಯಾದ ಸ್ವಂತ ಜೀನ್ ಕೂಡ ಅಲ್ಲ. ವಿಷದ ಜೀನ್ ಬರುವುದು ಬ್ಯಾಕ್ಟೀರಿಯಾಕ್ಕೆ ಸೋಂಕು ತಗಲಿಸುವ ಫೇಜ್ ಎಂಬ ವೈರಸ್‌ನಿಂದ. ವಿಷರಹಿತ ತಳಿಗೆ ಫೇಜ್ ಸೇರಿಸಿದರೆ ಅದು ವಿಷಕಾರಿಯಾಗುತ್ತದೆ ಎಂಬುದನ್ನು 1951ರಲ್ಲಿ ವಿಕ್ಟರ್ ಫ್ರೀಮನ್ ತೋರಿಸಿದರು. ಇದರ ಪರಿಣಾಮ ಪ್ರಯೋಗಾಲಯಕ್ಕಷ್ಟೇ ಸೀಮಿತವಲ್ಲ. ಗಂಟಲಲ್ಲಿ ಸುಮ್ಮನೆ ಕೂತ ನಿರುಪದ್ರವಿ ತಳಿಗೆ ಫೇಜ್ ದಾಟಿದರೆ ಅದೂ ವಿಷಕಾರಿಯಾಗಬಲ್ಲದು. ಹತ್ತಿರದ ಸಂಬಂಧಿಯಾದ ಕೊರಿನೆಬ್ಯಾಕ್ಟೀರಿಯಂ ಅಲ್ಸರನ್ಸ್ ಕೂಡ ಇದೇ ವಿಷವನ್ನು ಮಾಡಬಲ್ಲದು, ಅದು ನಾಯಿ, ಬೆಕ್ಕು, ದನಗಳಿಂದ ಮನುಷ್ಯರಿಗೆ ಬರುತ್ತದೆ. ಡಿಫ್ತೀರಿಯೆಗೆ ಮಾತ್ರ ಮನುಷ್ಯನೇ ಮನೆ.

ಜೀನ್ ವೈರಸ್‌ನದ್ದಾದರೂ ಅದನ್ನು ತೆರೆದು ಮುಚ್ಚುವ ಕೆಲಸ ಬ್ಯಾಕ್ಟೀರಿಯಾದ ಕೈಯಲ್ಲಿದೆ, ಮತ್ತು ಅದು ನಡೆಯುವುದು ಕಬ್ಬಿಣಾಂಶದ ಮೇಲೆ. ಕಬ್ಬಿಣ ಧಾರಾಳವಾಗಿದ್ದಾಗ ಒಂದು ಪ್ರೋಟೀನ್ ಜೀನ್‌ನ ಮೇಲೆ ಕೂತು ಅದನ್ನು ಮುಚ್ಚಿಡುತ್ತದೆ. ಕಬ್ಬಿಣ ಕಡಿಮೆಯಾದೊಡನೆ ಎದ್ದುಹೋಗುತ್ತದೆ, ವಿಷ ತಯಾರಾಗುತ್ತದೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಆಹಾರವಾದ ಮಾಧ್ಯಮದಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಕಬ್ಬಿಣ ಇದ್ದರೆ ವಿಷ ಹೇರಳ, 0.5 ಮಿಲಿಗ್ರಾಂ ಆದರೆ ನಿಂತೇಹೋಗುತ್ತದೆ. ಲಸಿಕೆ ತಯಾರಿಸುವವರಿಗೆ ಈ ಸಣ್ಣ ವ್ಯತ್ಯಾಸವೇ ದೊಡ್ಡ ತಲೆನೋವು. ಅವರು ದಶಕಗಟ್ಟಲೆ ಬಳಸಿದ ಪಾರ್ಕ್-ವಿಲಿಯಮ್ಸ್ 8 ಎಂಬ ತಳಿಯನ್ನು 1894ರಲ್ಲಿ ನ್ಯೂಯಾರ್ಕ್‌ನಲ್ಲಿ ಬೇರ್ಪಡಿಸಿದವರು ಆನಾ ವಿಲಿಯಮ್ಸ್. ವಿಚಿತ್ರವೆಂದರೆ ಅಷ್ಟೊಂದು ವಿಷ ಸುರಿಸುವ ಆ ತಳಿ ಸಿಕ್ಕಿದ್ದು ಟಾನ್ಸಿಲ್‌ನ ಒಂದು ಸೌಮ್ಯ ಸೋಂಕಿನಿಂದ.

ವಿಷ ಮಾಡುವ ಕೆಲಸ

1884ರಲ್ಲಿ ಫ್ರೆಡ್ರಿಕ್ ಲೋಫ್ಲರ್ ಈ ಬ್ಯಾಕ್ಟೀರಿಯಾವನ್ನು ಮೊದಲ ಬಾರಿಗೆ ಬೆಳೆಸಿದಾಗ ಅವರಿಗೊಂದು ಗಂಟು ಎದುರಾಯಿತು. ಸತ್ತ ಪ್ರಾಣಿಯ ಹೃದಯ, ಮೂತ್ರಪಿಂಡ ಹಾಳಾಗಿರುತ್ತಿತ್ತು, ಆದರೆ ಅಲ್ಲಿ ಬ್ಯಾಕ್ಟೀರಿಯಾವೇ ಸಿಗುತ್ತಿರಲಿಲ್ಲ. ಬ್ಯಾಕ್ಟೀರಿಯಾ ಇರುವ ಕಡೆಯಿಂದ ಹೊರಟ ಯಾವುದೋ ವಿಷ ಅಲ್ಲಿಗೆ ಮುಟ್ಟಿರಬೇಕು ಎಂದು ಅವರು ಊಹಿಸಿದರು. 1888ರಲ್ಲಿ ಎಮಿಲ್ ರೂ ಮತ್ತು ಅಲೆಕ್ಸಾಂಡ್ರ್ ಯೆರ್ಸಿನ್ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಶೋಧಿಸಿ, ಒಂದೂ ಬ್ಯಾಕ್ಟೀರಿಯಾ ಇಲ್ಲದ ತಿಳಿಯನ್ನು ಪ್ರಾಣಿಗಳಿಗೆ ಚುಚ್ಚಿ, ಊಹೆ ನಿಜವೆಂದು ತೋರಿಸಿದರು.

ಆ ವಿಷ 535 ಅಮೈನೋ ಆಮ್ಲಗಳ ಒಂದು ಪ್ರೋಟೀನ್. ಅದರಲ್ಲಿ ಎರಡು ಭಾಗ. ಬಿ ಭಾಗ ಜೀವಕೋಶದ ಹೊರಮೈಯ ಒಂದು ಗ್ರಾಹಕವನ್ನು ಹಿಡಿಯುತ್ತದೆ; ಹೃದಯದಲ್ಲಿ, ನರಗಳಲ್ಲಿ ಆ ಗ್ರಾಹಕ ಇದೆ. ಕೋಶ ಅದನ್ನು ಒಂದು ಸಣ್ಣ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದ ಒಳಗು ಆಮ್ಲೀಯವಾದಾಗ ಬಿ ಭಾಗ ಆಕಾರ ಬದಲಿಸಿ ಪೊರೆಯಲ್ಲಿ ದಾರಿ ಮಾಡುತ್ತದೆ, ಎ ಭಾಗ ಅದರೊಳಗಿಂದ ನುಸುಳಿ ಕೋಶರಸಕ್ಕೆ ಇಳಿಯುತ್ತದೆ. ಅಲ್ಲಿ ಅದರ ಗುರಿ ಇಎಫ್-2 ಎಂಬ ಒಂದೇ ಒಂದು ಪ್ರೋಟೀನ್. ಕೋಶ ಹೊಸ ಪ್ರೋಟೀನ್‌ಗಳನ್ನು ಪೋಣಿಸಲು ಇಎಫ್-2 ಇಲ್ಲದೆ ಆಗದು. ಎ ಭಾಗ ಅದಕ್ಕೊಂದು ರಾಸಾಯನಿಕ ತುಣುಕನ್ನು ಅಂಟಿಸಿ ನಿಷ್ಕ್ರಿಯ ಮಾಡುತ್ತದೆ, ತಾನು ಮಾತ್ರ ಖರ್ಚಾಗದೆ ಮುಂದಿನದಕ್ಕೆ ಹೋಗುತ್ತದೆ. ಕಿಣ್ವವಾದ್ದರಿಂದ ಅದಕ್ಕೆ ಸುಸ್ತಿಲ್ಲ. ಎ ಭಾಗದ ಒಂದೇ ಅಣು ಒಳಗಿಳಿದರೂ ಕೋಶ ಸಾಯಬಹುದು ಎಂಬುದು ಪ್ರಯೋಗದಲ್ಲಿ ಸಾಬೀತಾಗಿದೆ. ಮನುಷ್ಯನಿಗೆ ಮಾರಕ ಪ್ರಮಾಣ ದೇಹತೂಕದ ಕಿಲೋಗೆ ಸುಮಾರು 0.1 ಮೈಕ್ರೋಗ್ರಾಂ.

ಇಲಿಗಳ ಗ್ರಾಹಕ ತುಸು ಬೇರೆ, ವಿಷ ಅದನ್ನು ಹಿಡಿಯಲಾರದು. ಅದಕ್ಕೇ ಇಲಿಗಳಿಗೆ ಈ ವಿಷ ನಾಟುವುದಿಲ್ಲ, ಹಳೆಯ ಪರೀಕ್ಷೆಗಳೆಲ್ಲ ಗಿನಿಪಿಗ್‌ಗಳ ಮೇಲೆ ನಡೆದವು.

ಗಂಟಲಿನ ಪೊರೆಯೂ ಈ ವಿಷದ್ದೇ ಕೈವಾಡ. ಸ್ಥಳದಲ್ಲೇ ಸತ್ತ ಮೇಲ್ಪದರದ ಕೋಶಗಳು, ಒಸರಿ ಹೆಪ್ಪುಗಟ್ಟಿದ ಫೈಬ್ರಿನ್, ಬಿಳಿ ಮತ್ತು ಕೆಂಪು ರಕ್ತಕಣಗಳು, ಅವುಗಳ ನಡುವೆ ಬ್ಯಾಕ್ಟೀರಿಯಾ, ಎಲ್ಲ ಸೇರಿ ಒಂದು ದಪ್ಪ ಪದರವಾಗುತ್ತದೆ. ಕೆಳಗಿನ ಅಂಗಾಂಶಕ್ಕೇ ನೆಯ್ದುಕೊಂಡಿರುವುದರಿಂದ ಅದು ಸುಲಭಕ್ಕೆ ಬಿಡಿಸಿ ಬರುವುದಿಲ್ಲ.

ಗಂಟಲು ನೋಡುವುದು

ಸೋಂಕು ತಗಲಿ 2ರಿಂದ 5 ದಿನಕ್ಕೆ ಲಕ್ಷಣ ಶುರು. ಮೊದಲ ದಿನ ಸಾಧಾರಣ ಗಂಟಲುನೋವಿಗೂ ಇದಕ್ಕೂ ವ್ಯತ್ಯಾಸ ತಿಳಿಯದು. ಎರಡು ಮೂರು ದಿನದಲ್ಲಿ ಟಾನ್ಸಿಲ್ ಮೇಲೆ ನೀಲಿಛಾಯೆಯ ಬಿಳಿ ಪದರ ಮೂಡಿ, ದಪ್ಪವಾಗುತ್ತಾ ಬೂದು ಅಥವಾ ಹಸಿರುಮಿಶ್ರಿತ ಬೂದು ಬಣ್ಣಕ್ಕೆ ತಿರುಗುತ್ತದೆ. ರಕ್ತ ಒಸರಿದ್ದರೆ ಕಪ್ಪಾಗಿಯೂ ಕಾಣುತ್ತದೆ.

ಜ್ವರವನ್ನು ನಂಬಿ ಕೂರಬಾರದು. ಇಲ್ಲಿ ಜ್ವರ ಸಾಮಾನ್ಯವಾಗಿ 38.5 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಆದರೆ ಮುಖ ಬಿಳಚಿಕೊಂಡಿರುತ್ತದೆ, ಜ್ವರಕ್ಕೆ ಹೊಂದದಷ್ಟು ನಾಡಿ ಓಡುತ್ತಿರುತ್ತದೆ, ಮಗು ಮಂಕಾಗಿರುತ್ತದೆ. ಸ್ಟ್ರೆಪ್ಟೋಕಾಕಸ್ ಟಾನ್ಸಿಲೈಟಿಸ್‌ನಲ್ಲಿ ಇದು ತಿರುಗುಮುರುಗು: ಜ್ವರ ಜೋರು, ಗಂಟಲು ಕೆಂಡದಂತೆ ಕೆಂಪು, ಹಳದಿ ಕೀವಿನ ಚುಕ್ಕೆಗಳು ಟಾನ್ಸಿಲ್ ಮೇಲಷ್ಟೇ ಇರುತ್ತವೆ, ಹತ್ತಿಯಲ್ಲಿ ಒರೆಸಿದರೆ ಬರುತ್ತವೆ. ಗಂಟಲಮಾರಿಯ ಪೊರೆ ಟಾನ್ಸಿಲ್‌ನ ಗಡಿ ದಾಟುತ್ತದೆ. ಕಿರುನಾಲಿಗೆ, ಮೃದು ಅಂಗುಳ, ಗಂಟಲ ಹಿಂಗೋಡೆ, ಹೀಗೆ ಹಬ್ಬುತ್ತದೆ. ನೋಡುವಾಗ ಟಾನ್ಸಿಲ್ ಮೇಲಿನ ಬಿಳುಪನ್ನಷ್ಟೇ ನೋಡಿ ಬಾಯಿ ಮುಚ್ಚಿಸದೆ, ಟಾನ್ಸಿಲ್‌ನ ಮುಂದಿನ ಕಂಬದ ಮೇಲೆ ಮತ್ತು ಕಿರುನಾಲಿಗೆಯ ಬುಡದಲ್ಲಿ ಪದರ ಹತ್ತಿದೆಯೇ ಎಂದು ಹುಡುಕಬೇಕು. ಅಲ್ಲಿ ಬೂದು ಅಂಚು ಕಂಡಿತೆಂದರೆ ಬೇರೆ ಯೋಚನೆ ಬೇಡ. ಕೆದಕಿದರೆ ರಕ್ತ ಜಿನುಗುತ್ತದೆ ಎಂದು ಪುಸ್ತಕಗಳಲ್ಲಿದೆ, ಹಾಗೆಂದು ಪರೀಕ್ಷೆಗಾಗಿ ಕೆದಕುತ್ತಾ ಹೋಗುವುದು ಬೇಡ.

ಇದೇ ಬಗೆಯ ಪದರ ಗ್ರಂಥಿಜ್ವರದಲ್ಲಿ, ಕ್ಯಾಂಡಿಡಾ ಶಿಲೀಂಧ್ರದಲ್ಲಿ, ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರದ ಗಾಯದಲ್ಲಿ, ರಕ್ತಕ್ಯಾನ್ಸರ್‌ನಲ್ಲಿ ಕೂಡ ಕಾಣಬಹುದು. ಗೊಂದಲವಿದ್ದಾಗ ಕತ್ತು ಮುಟ್ಟಿ ನೋಡಿ. ದುಗ್ಧಗ್ರಂಥಿಗಳು ಊದಿ, ಸುತ್ತಲಿನ ಅಂಗಾಂಶವೂ ನೀರು ತುಂಬಿಕೊಂಡು, ದವಡೆಯ ಗೆರೆಯೇ ಮಾಯವಾಗಿ ಕತ್ತು ಗೂಳಿಯ ಕತ್ತಿನಂತಾಗಿದ್ದರೆ ವಿಷದ ಹೊರೆ ವಿಪರೀತವಾಗಿದೆ ಎಂದೇ ತಿಳಿಯಬೇಕು.

ದನಿ ಒಡೆದಿದ್ದರೆ, ಬೊಗಳಿದಂಥ ಕೆಮ್ಮು ಇದ್ದರೆ, ಉಸಿರೆಳೆಯುವಾಗ ಕರ್ಕಶ ಸದ್ದು ಬರುತ್ತಿದ್ದರೆ ಪೊರೆ ಧ್ವನಿಪೆಟ್ಟಿಗೆಗೆ ಇಳಿದಿದೆ. ಅಂಥ ಮಗುವಿನ ಬಾಯಿಗೆ ಒತ್ತಾಯದಿಂದ ಚಮಚೆ ತೂರಿಸಬಾರದು. ಹೆದರಿ ಅತ್ತರೆ ಇದ್ದ ದಾರಿಯೂ ಮುಚ್ಚಬಹುದು. ಉಸಿರುನಳಿಗೆ ಹಾಕಬಲ್ಲವರು, ಅದು ಆಗದಿದ್ದರೆ ಕತ್ತಿನಲ್ಲಿ ದಾರಿ ಮಾಡಬಲ್ಲವರು ಪಕ್ಕದಲ್ಲಿದ್ದಾಗಲೇ ಗಂಟಲು ನೋಡಬೇಕು. ಪೊರೆಯ ತುಣುಕು ಕಳಚಿ ಶ್ವಾಸನಾಳಕ್ಕೆ ಬಿದ್ದು ಹಠಾತ್ತನೆ ಉಸಿರುಕಟ್ಟುವುದೂ ಉಂಟು.

ಮೂಗಿನ ಡಿಫ್ತೀರಿಯಾ ಸದ್ದಿಲ್ಲದ್ದು. ಒಂದೇ ಹೊಳ್ಳೆಯಿಂದ ರಕ್ತಮಿಶ್ರಿತ ನೀರು ಸುರಿಯುವ ಮಗುವನ್ನು ನೆಗಡಿ ಎಂದು ಕಳಿಸಿಬಿಡುವುದು ಸುಲಭ. ಅದಕ್ಕೆ ಹೆಚ್ಚು ಅಪಾಯವಿಲ್ಲದಿದ್ದರೂ ಸುತ್ತಲಿನವರಿಗೆ ಹಂಚುತ್ತಾ ಹೋಗುತ್ತದೆ. ಚರ್ಮದ ಡಿಫ್ತೀರಿಯಾವೂ ಹಾಗೆಯೇ. ಕಾಲಿನ ಮೇಲೆ ಅಂಚು ಕತ್ತರಿಸಿದಂಥ, ವಾರಗಟ್ಟಲೆ ಮಾಯದ ಹುಣ್ಣು, ತಳದಲ್ಲಿ ಬೂದು ಪದರ. ಅಲ್ಲಿಂದ ರಕ್ತಕ್ಕೆ ಸೇರುವ ವಿಷ ಕಡಿಮೆ, ಹರಡುವಿಕೆ ಮಾತ್ರ ಜಾಸ್ತಿ.

ಸ್ವಾಬ್: ಎಲ್ಲಿ ತಪ್ಪುತ್ತದೆ

ಮಾದರಿಯನ್ನು ಆಂಟಿಬಯೋಟಿಕ್ ಕೊಡುವ ಮೊದಲೇ ತೆಗೆಯಬೇಕು. ಸ್ವಾಬನ್ನು, ಅಂದರೆ ಮಾದರಿ ತೆಗೆಯುವ ಹತ್ತಿಕಡ್ಡಿಯನ್ನು, ಪೊರೆಯ ನಡುವೆ ಉಜ್ಜಿದರೆ ಸಿಗುವುದು ಬಹುಪಾಲು ಸತ್ತ ಕೋಶ. ಅಂಚನ್ನು ಮೆಲ್ಲನೆ ಎತ್ತಿ, ಅದರ ಅಡಿಯಿಂದ ತೆಗೆಯಬೇಕು. ಗಂಟಲಿನದೊಂದು, ಮೂಗಿನದೊಂದು, ಹುಣ್ಣಿದ್ದರೆ ಅದರದ್ದೊಂದು. ಪೊರೆಯ ತುಣುಕು ತಾನಾಗಿ ಬಂದರೆ ಅದನ್ನು ಸಲೈನ್‌ಗೆ ಹಾಕಿ ಕಳಿಸಬೇಕು. ಅಭ್ಯಾಸಬಲದಿಂದ ಫಾರ್ಮಲಿನ್‌ಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತು ಇಡೀ ಶ್ರಮ ನೀರುಪಾಲು. ಸಾಗಿಸಲು ಏಮೀಸ್ ಮಾಧ್ಯಮ ಸಾಕು.

ಎಲ್ಲಕ್ಕಿಂತ ಮುಖ್ಯವಾಗಿ ಲ್ಯಾಬಿನವರಿಗೆ ಬಾಯಿಬಿಟ್ಟು ಹೇಳಬೇಕು. ಚೀಟಿಯಲ್ಲಿ ಬರೀ "ಗಂಟಲು ಸ್ವಾಬ್, ಕಲ್ಚರ್" ಎಂದಿದ್ದರೆ ಅವರು ಬ್ಲಡ್ ಅಗಾರ್ ಮೇಲೆ ಹಾಕಿ ಸ್ಟ್ರೆಪ್ಟೋಕಾಕಸ್ ಹುಡುಕುತ್ತಾರೆ. ಗಂಟಲಲ್ಲಿ ಸಹಜವಾಗಿ ವಾಸಿಸುವ ಹಲವು ಕೊರಿನೆಬ್ಯಾಕ್ಟೀರಿಯಂಗಳ ನಡುವೆ ಇದೂ ಒಂದಾಗಿ ಕಸದಬುಟ್ಟಿ ಸೇರುತ್ತದೆ. ಡಿಫ್ತೀರಿಯಾ ಶಂಕೆ ಎಂದು ಹೇಳಿದರೆ ಟೆಲ್ಯೂರೈಟ್ ಮಾಧ್ಯಮ ಹಾಕುತ್ತಾರೆ. ಅದು ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಇದರ ಕಾಲೊನಿಗಳು ಮಾತ್ರ ಬೂದು-ಕಪ್ಪು ಬಣ್ಣದಲ್ಲಿ ಎದ್ದು ಕಾಣುತ್ತವೆ. ಎರಡು ದಿನ ಬೇಕಾಗಬಹುದು. ಲೋಫ್ಲರ್ ಸೀರಂ ಇಳಿಜಾರು ಎಂಬ, ಕೊಳವೆಯಲ್ಲಿ ಓರೆಯಾಗಿ ಗಟ್ಟಿಮಾಡಿದ ಮಾಧ್ಯಮದಲ್ಲಿ 6ರಿಂದ 8 ಗಂಟೆಗೇ ಬೆಳವಣಿಗೆ ಸಿಗುತ್ತದೆ, ಬಣ್ಣ ಹಾಕಿ ನೋಡಲು ಅದು ಒಳ್ಳೆಯದು.

ಆಲ್ಬರ್ಟ್ ಬಣ್ಣದಲ್ಲಿ ಹಸಿರು ಕಡ್ಡಿ, ತುದಿಗಳಲ್ಲಿ ನೀಲಿ-ಕಪ್ಪು ಕಣ ಕಂಡಾಗ ಸಂಭ್ರಮ ಪಡಬೇಕಾಗಿಲ್ಲ. ಇದರ ನಿರುಪದ್ರವಿ ಸಂಬಂಧಿಗಳಾದ ಡಿಫ್ತೀರಾಯ್ಡ್‌ಗಳಲ್ಲೂ ಕೆಲವು ಹಾಗೆ ಕಾಣುತ್ತವೆ. ಕಣ ಕಾಣಲಿಲ್ಲವೆಂದು ನಿರಾಳವಾಗುವುದು ಇನ್ನೂ ದೊಡ್ಡ ತಪ್ಪು.

ಪಿಸಿಆರ್ ಎಂಬ ಜೀನ್ ಪರೀಕ್ಷೆ ವಿಷದ ಜೀನ್ ಇದೆಯೇ ಎಂದು ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ಜೀನ್ ಇದ್ದೂ ವಿಷ ಮಾಡದ ತಳಿಗಳಿವೆ, ಆದ್ದರಿಂದ ಕೊನೆಯ ಮಾತು ಎಲೆಕ್ ಪರೀಕ್ಷೆಯದ್ದು. ಪ್ಲೇಟಿನಲ್ಲಿ ಆಂಟಿಟಾಕ್ಸಿನ್ (ವಿಷವನ್ನು ಕಟ್ಟಿಹಾಕುವ ಪ್ರತಿಕಾಯ) ಅದ್ದಿದ ಕಾಗದದ ಪಟ್ಟಿ ಇಟ್ಟು, ಅದಕ್ಕೆ ಅಡ್ಡಲಾಗಿ ಪರೀಕ್ಷಿಸಬೇಕಾದ ತಳಿಯನ್ನೂ ಗೊತ್ತಿರುವ ವಿಷಕಾರಿ ತಳಿಯನ್ನೂ ಗೆರೆ ಎಳೆದಂತೆ ಬಿತ್ತುತ್ತಾರೆ. ವಿಷ ಮತ್ತು ಆಂಟಿಟಾಕ್ಸಿನ್ ಹರಡುತ್ತಾ ಬಂದು ಸಂಧಿಸಿದ ಕಡೆ ಓರೆಯಾದ ತೆಳು ಬಿಳಿಗೆರೆ ಕಟ್ಟುತ್ತದೆ. ಪಕ್ಕದ ಗೊತ್ತಿರುವ ತಳಿಯ ಗೆರೆಯೊಂದಿಗೆ ಅದು ಬಾಗಿ ಕೂಡಿಕೊಂಡರೆ ಫಲಿತಾಂಶ ಖಚಿತ. ಮಾಧ್ಯಮದಲ್ಲಿ ಕಬ್ಬಿಣ ಹೆಚ್ಚಾಗಿದ್ದರೆ ವಿಷಕಾರಿ ತಳಿಯೂ ಗೆರೆ ಕೊಡುವುದಿಲ್ಲ. ಎರಡು ದಿನ ದಾಟಿಸಿ ಓದಿದರೆ ಸಂಬಂಧವಿಲ್ಲದ ಗೆರೆಗಳು ಮೂಡಿ ದಾರಿ ತಪ್ಪಿಸುತ್ತವೆ. ಈ ಪರೀಕ್ಷೆ ಕೈಗೆ ಪಳಗಬೇಕು. ಅಪರೂಪಕ್ಕೊಮ್ಮೆ ಮಾಡುವ ಲ್ಯಾಬಿನ ಫಲಿತಾಂಶವನ್ನು ಎರಡು ಸಲ ಯೋಚಿಸಿಯೇ ಒಪ್ಪಬೇಕು.

ಇದೆಲ್ಲ ಬೇಕು. ಸೋಂಕಿನ ಜಾಡು ಹಿಡಿಯಲು, ಸಂಪರ್ಕದವರನ್ನು ನಿಭಾಯಿಸಲು ಬೇಕೇ ಬೇಕು. ಮಂಚದ ಮೇಲಿರುವ ರೋಗಿಯ ಚಿಕಿತ್ಸೆ ಮಾತ್ರ ಇದಕ್ಕೆ ಕಾಯಬಾರದು.

ಆಂಟಿಟಾಕ್ಸಿನ್

1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ರೋಗನಿರೋಧ ಗಳಿಸಿದ ಪ್ರಾಣಿಯ ಸೀರಂ (ರಕ್ತದ ತಿಳಿ) ಬೇರೆ ಪ್ರಾಣಿಯನ್ನು ಉಳಿಸುತ್ತದೆ ಎಂದು ತೋರಿಸಿದರು. 1901ರಲ್ಲಿ ವೈದ್ಯಕೀಯದ ಮೊದಲ ನೊಬೆಲ್ ಬೆರಿಂಗ್‌ಗೆ ಸಿಕ್ಕಿತು. ಮನುಷ್ಯರಲ್ಲಿ ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದನ್ನು ಲೆಕ್ಕಾಚಾರವಾಗಿ ಪರೀಕ್ಷಿಸಿದವರು ಕೋಪನ್‌ಹೇಗನ್‌ನ ಯೊಹಾನಸ್ ಫಿಬಿಗರ್. ಒಂದು ದಿನ ದಾಖಲಾದವರಿಗೆ ಸೀರಂ, ಮರುದಿನ ದಾಖಲಾದವರಿಗೆ ಇಲ್ಲ, ಹೀಗೆ ದಿನ ಬಿಟ್ಟು ದಿನ. 1898ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸೀರಂ ಪಡೆದ 239 ಮಂದಿಯಲ್ಲಿ 8, ಪಡೆಯದ 245 ಮಂದಿಯಲ್ಲಿ 30 ಸಾವು. ಔಷಧದ ಪರೀಕ್ಷೆ ಹೇಗಿರಬೇಕು ಎಂಬುದಕ್ಕೆ ಅದು ಆರಂಭಿಕ ಮಾದರಿ.

ಇವತ್ತಿಗೂ ಈ ಔಷಧ ಹೆಚ್ಚುಕಮ್ಮಿ ಹಾಗೇ ಇದೆ: ಕುದುರೆಯ ರಕ್ತದಿಂದ ತೆಗೆದದ್ದು. ತಯಾರಕರು ಬೆರಳೆಣಿಕೆಯಷ್ಟು, ಹಾಗಾಗಿ ಕೊರತೆ ತಪ್ಪಿದ್ದಲ್ಲ. ರಕ್ತದಲ್ಲಿ ತೇಲುತ್ತಿರುವ ವಿಷವನ್ನಷ್ಟೇ ಇದು ಕಟ್ಟಿಹಾಕುತ್ತದೆ. ಶುರುವಿನ ದಿನವೇ ಕೊಟ್ಟರೆ ಸಾವು ತೀರಾ ಅಪರೂಪ, ನಾಲ್ಕನೇ ದಿನ ದಾಟಿದ ಮೇಲೆ ಕೊಟ್ಟರೆ ಹಲವು ಪಟ್ಟು ಹೆಚ್ಚು.

ಪ್ರಮಾಣ ನಿರ್ಧಾರವಾಗುವುದು ವಯಸ್ಸಿನಿಂದ ಅಥವಾ ತೂಕದಿಂದಲ್ಲ. ಇದು ಹೊಸಬರು ಪದೇ ಪದೇ ಎಡವುವ ಜಾಗ. ಮಗುವಿನ ಮೈಯಲ್ಲಿರುವ ವಿಷ ಮಗುವಿನಷ್ಟೇ ಚಿಕ್ಕದಾಗಿರುವುದಿಲ್ಲ. ಪೊರೆ ಎಷ್ಟು ಹಬ್ಬಿದೆ, ಎಷ್ಟು ದಿನವಾಗಿದೆ ಎಂಬುದೇ ಲೆಕ್ಕ. ಗಂಟಲು ಅಥವಾ ಧ್ವನಿಪೆಟ್ಟಿಗೆಯಲ್ಲಿ ಎರಡು ದಿನದೊಳಗಿನ ಕಾಯಿಲೆಗೆ 20,000ದಿಂದ 40,000 ಯೂನಿಟ್, ಮೂಗಿನ ಹಿಂಭಾಗಕ್ಕೂ ಹಬ್ಬಿದ್ದರೆ 40,000ದಿಂದ 60,000, ಮೂರು ದಿನ ಮೀರಿದ ವ್ಯಾಪಕ ಕಾಯಿಲೆಗೆ ಅಥವಾ ಕತ್ತು ಊದಿದ್ದರೆ 80,000ದಿಂದ 1,00,000. ಇಡೀ ಪ್ರಮಾಣ ಒಂದೇ ಸಲಕ್ಕೆ. ಕಂತಿನಲ್ಲಿ ಕೊಟ್ಟರೆ ನಡುವಿನ ಗಂಟೆಗಳಲ್ಲಿ ವಿಷ ತನ್ನ ಕೆಲಸ ಮಾಡಿಕೊಂಡಿರುತ್ತದೆ.

ಫ್ರಿಜ್‌ನಿಂದ ತೆಗೆದು ತಣ್ಣಗಿರುವಾಗಲೇ ಏರಿಸದೆ, ಬೆಚ್ಚಗಾಗಲು ಬಿಟ್ಟು, 250ರಿಂದ 500 ಮಿಲಿ ಸಲೈನ್‌ನಲ್ಲಿ ಬೆರೆಸಿ 2ರಿಂದ 4 ಗಂಟೆಯಲ್ಲಿ ರಕ್ತನಾಳಕ್ಕೆ ಹನಿಸುತ್ತಾರೆ. ಪುಟ್ಟ ಮಕ್ಕಳಿಗೆ ದ್ರವದ ಪ್ರಮಾಣ ಕಡಿಮೆ ಮಾಡಬೇಕು, ಯೂನಿಟ್ ಕಡಿಮೆ ಮಾಡಬಾರದು. ಏರಿಸುವ ಮುನ್ನ ರಕ್ತದ ಒಂದು ಮಾದರಿ ತೆಗೆದಿಟ್ಟುಕೊಂಡರೆ ರೋಗಿಯ ಸ್ವಂತ ಪ್ರತಿಕಾಯದ ಮಟ್ಟ ಆಮೇಲೆ ನೋಡಬಹುದು, ನಂತರ ತೆಗೆದದ್ದು ಅದಕ್ಕೆ ಪ್ರಯೋಜನವಿಲ್ಲ.

ಕುದುರೆಯ ಪ್ರೋಟೀನ್ ಆದ್ದರಿಂದ ತೀವ್ರ ಅಲರ್ಜಿಯ ಭಯ ಇದ್ದದ್ದೇ. ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲೇ ಇರಬೇಕು. ಪ್ರಮಾಣ ಕಿಲೋಗೆ 0.01 ಮಿಲಿಗ್ರಾಂ, ಗರಿಷ್ಠ 0.5 ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಮೊದಲು ಚರ್ಮದಲ್ಲಿ ಪರೀಕ್ಷೆ ಮಾಡಬೇಕೇ ಎಂಬುದು ಹಳೆಯ ಚರ್ಚೆ. ಎಲ್ಲರಿಗೂ ಅದು ಬೇಕಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯ ಸಲಹೆ. ಅದು ಸರಿ ಎಂದೇ ನನ್ನ ಎಣಿಕೆ: ಪರೀಕ್ಷೆ ನೆಗೆಟಿವ್ ಬಂದರೂ ಅಪಾಯ ಇಲ್ಲವೆಂದಲ್ಲ, ಪಾಸಿಟಿವ್ ಬಂದರೂ ಕೊಡದೆ ಬಿಡುವಂತಿಲ್ಲ, ಎರಡೂ ಸಂದರ್ಭದಲ್ಲಿ ಸಮಯ ಹೋಗುತ್ತದೆ. ಒಂದರಿಂದ ಎರಡು ವಾರದ ನಂತರ ದದ್ದು, ಕೀಲುನೋವು, ಜ್ವರ ಬಂದರೆ ಅದು ಸೀರಂ ಸಿಕ್ನೆಸ್, ಅಂದರೆ ಕುದುರೆಯ ಪ್ರೋಟೀನಿಗೆ ಮೈ ತಡವಾಗಿ ತೋರುವ ಪ್ರತಿಕ್ರಿಯೆ, ಇರಬಹುದು, ಕಾಯಿಲೆ ಮರುಕಳಿಸಿತೆಂದು ಗಾಬರಿಯಾಗಬಾರದು.

ಆಂಟಿಬಯೋಟಿಕ್ ಬೇಕಾಗುವುದು ವಿಷದ ಕಾರ್ಖಾನೆ ಮುಚ್ಚಿಸಲು ಮತ್ತು ಹರಡುವುದನ್ನು ನಿಲ್ಲಿಸಲು. ಆಂಟಿಟಾಕ್ಸಿನ್‌ಗೆ ಅದು ಬದಲಿಯಾಗದು. ಎರಿತ್ರೋಮೈಸಿನ್ ಆದರೆ ದಿನಕ್ಕೆ ಕಿಲೋಗೆ 40ರಿಂದ 50 ಮಿಲಿಗ್ರಾಂ, ನಾಲ್ಕು ಪಾಲು ಮಾಡಿ, ದಿನಕ್ಕೆ 2 ಗ್ರಾಂ ಮೀರದಂತೆ. ಅಜಿತ್ರೋಮೈಸಿನ್ ಆದರೆ ಮಕ್ಕಳಿಗೆ ದಿನಕ್ಕೊಮ್ಮೆ ಕಿಲೋಗೆ 10ರಿಂದ 12 ಮಿಲಿಗ್ರಾಂ, 500 ಮಿಲಿಗ್ರಾಂ ಮೀರದಂತೆ. ಯಾವುದಾದರೂ 14 ದಿನ. ಪೆನಿಸಿಲಿನ್ ಕೂಡ ನಡೆಯುತ್ತದೆ, ಆದರೆ ಪ್ರತಿರೋಧ ಕಾಣುತ್ತಿರುವುದರಿಂದ ಈಗಿನ ಒಲವು ಈ ಎರಡರ ಕಡೆಗೆ. ಇವು ಹೃದಯದ ವಿದ್ಯುತ್ ಲಯವನ್ನು ತುಸು ಏರುಪೇರು ಮಾಡಬಲ್ಲವಾದ್ದರಿಂದ ಇಸಿಜಿ ಮೇಲೆ ಕಣ್ಣಿರಬೇಕು. ಮಾತ್ರೆ ಮುಗಿದ ನಂತರ 24 ಗಂಟೆ ಅಂತರದ ಎರಡು ಕಲ್ಚರ್ ನೆಗೆಟಿವ್ ಬರುವವರೆಗೆ ರೋಗಿಯನ್ನು ಪ್ರತ್ಯೇಕವಾಗಿಡುವುದು ಪದ್ಧತಿ.

ಎರಡನೇ ವಾರ ಮತ್ತು ಅದರಾಚೆ

ಪೊರೆ ಒಂದು ವಾರದ ಹೊತ್ತಿಗೆ ಅಂಚು ಬಿಟ್ಟು ಕಳಚತೊಡಗುತ್ತದೆ. ಮನೆಯವರು ಡಿಸ್ಚಾರ್ಜ್ ಕೇಳುವುದು ಆಗಲೇ. ಹೃದಯದ ಸ್ನಾಯುವಿನ ಉರಿಯೂತ ಮೇಲೆ ಬರುವುದೂ ಆಗಲೇ, ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ. ಇಸಿಜಿಯಲ್ಲಿ ಪಿಆರ್ ಅಂತರ (ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ವಿದ್ಯುತ್ ಹರಿಯುವ ಹೊತ್ತು) ಉದ್ದವಾಗುವುದು, ಎಸ್‌ಟಿ-ಟಿ ಬದಲಾವಣೆ ಮೊದಲ ಸುಳಿವು. ಅಲ್ಲಿಂದ, ಆ ಹರಿವೇ ನಿಂತುಹೋಗುವ ಪೂರ್ಣ ಹಾರ್ಟ್ ಬ್ಲಾಕ್‌ಗೆ ಇಳಿಯಲು ಹೆಚ್ಚು ಹೊತ್ತು ಬೇಡ. ಮೊದಲ ಇಸಿಜಿ ಸರಿಯಿತ್ತು ಎಂದು ಸುಮ್ಮನಾಗದೆ ಪದೇ ಪದೇ ತೆಗೆಯಬೇಕು. ಹಾಸಿಗೆಯಿಂದ ಏಳಬಾರದು ಎಂಬ ಕಟ್ಟುನಿಟ್ಟು ಎರಡು ಮೂರು ವಾರ ಇರಬೇಕು. ಶೌಚಕ್ಕೆಂದು ಎದ್ದು ನಡೆದಷ್ಟರಿಂದಲೇ ಕುಸಿದ ಉದಾಹರಣೆಗಳು ವೈದ್ಯಕೀಯದಲ್ಲಿ ಹಳೆಯವು.

ನರಗಳ ಸರದಿ ಇನ್ನೂ ತಡವಾಗಿ. ಮೂರನೇ ವಾರದ ಆಸುಪಾಸು ಮೃದು ಅಂಗುಳ ಸೋಲುತ್ತದೆ: ಮಾತು ಮೂಗಿನಲ್ಲಿ ಬರುತ್ತದೆ, ಕುಡಿದ ನೀರು ಮೂಗಿನಿಂದ ಆಚೆ ಬರುತ್ತದೆ. ಆಮೇಲೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಐದಾರನೇ ವಾರದಲ್ಲಿ ವಪೆ (ಉಸಿರಾಟದ ಮುಖ್ಯ ಸ್ನಾಯು) ಸೋತರೆ ವೆಂಟಿಲೇಟರ್ ಬೇಕಾಗಬಹುದು. ಕೈಕಾಲಿನ ಬಲಹೀನತೆ ಎರಡು ಮೂರು ತಿಂಗಳ ನಂತರವೂ ಕಾಣಿಸಿಕೊಳ್ಳಬಹುದು, ಆಗ ಅದನ್ನು ಗಿಯನ್-ಬರ್ರೆ ಎಂಬ ಬೇರೆ ನರರೋಗವೆಂದು ತಪ್ಪಾಗಿ ತಿಳಿಯುವುದು ಸಾಮಾನ್ಯ. ಹಿಂದೆ ಗಂಟಲುನೋವು ಬಂದಿತ್ತೇ, ಮೊದಲು ಸೋತದ್ದು ಅಂಗುಳವೇ ಎಂದು ಕೇಳಿದರೆ ಗಂಟು ಬಿಡುತ್ತದೆ. ಹೃದಯದ ಹಾನಿಗೆ ಹೋಲಿಸಿದರೆ ಇದು ಉದಾರಿ. ಉಸಿರಾಟವನ್ನು ಕಾಪಾಡಿಕೊಂಡರೆ ನರಗಳು ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತವೆ.

ಚಿಕಿತ್ಸೆ ಸಿಕ್ಕಿಯೂ 100 ಮಂದಿಯಲ್ಲಿ 5ರಿಂದ 10 ಮಂದಿ ತೀರಿಕೊಳ್ಳುತ್ತಾರೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಅದಕ್ಕಿಂತ ಹೆಚ್ಚು.

ಲಸಿಕೆ

1923ರಲ್ಲಿ ಗ್ಯಾಸ್ಟನ್ ರಾಮೋಂ ವಿಷಕ್ಕೆ ಫಾರ್ಮಲಿನ್ ಸೇರಿಸಿ ಬೆಚ್ಚಗಿಟ್ಟರೆ ಅದರ ಕೊಲ್ಲುವ ಗುಣ ಹೋಗಿ, ಪ್ರತಿರಕ್ಷೆ ಹುಟ್ಟಿಸುವ ಗುಣ ಉಳಿಯುತ್ತದೆ ಎಂದು ಕಂಡುಕೊಂಡರು. ಅದೇ ಟಾಕ್ಸಾಯ್ಡ್. ಇಂದಿನ ಲಸಿಕೆಯೂ ಅದೇ, ಧನುರ್ವಾಯು ಮತ್ತು ನಾಯಿಕೆಮ್ಮಿನ ಲಸಿಕೆಗಳ ಜೊತೆ ಸೇರಿಕೊಂಡು ಬರುತ್ತದೆ.

ಲಸಿಕೆ ಇರುವುದು ವಿಷದ ವಿರುದ್ಧ, ಬ್ಯಾಕ್ಟೀರಿಯಾದ ವಿರುದ್ಧವಲ್ಲ. ಲಸಿಕೆ ಪಡೆದವರ ಗಂಟಲಲ್ಲೂ ಅದು ಕೂರಬಹುದು, ಅವರಿಗೆ ಏನೂ ಆಗದೆ ಪಕ್ಕದವರಿಗೆ ದಾಟಬಹುದು. ಹೀಗಾಗಿ ಲಸಿಕೆ ಹಾಕಿಸಿಕೊಳ್ಳದವರು ಊರಲ್ಲಿ ಕಾಯಿಲೆ ಕಾಣುತ್ತಿಲ್ಲವೆಂದು ಧೈರ್ಯವಾಗಿರುವಂತಿಲ್ಲ. ರಕ್ಷಣೆಯೂ ಸವೆಯುತ್ತದೆ. ರಕ್ತದಲ್ಲಿ ಮಿಲಿಲೀಟರಿಗೆ 0.01 ಅಂತಾರಾಷ್ಟ್ರೀಯ ಯೂನಿಟ್ ಪ್ರತಿಕಾಯ ಕನಿಷ್ಠ, 0.1 ಇದ್ದರೆ ಭರವಸೆ. ಬಾಲ್ಯದ ಮೂರು ಡೋಸ್ ನಂಬಿಕೊಂಡು ಬೂಸ್ಟರ್ ಬಿಟ್ಟರೆ ವರ್ಷಗಳು ಕಳೆದಂತೆ ಮಟ್ಟ ಇದಕ್ಕಿಂತ ಕೆಳಗಿಳಿಯುತ್ತದೆ. 1990ರ ದಶಕದಲ್ಲಿ ಹಿಂದಿನ ಸೋವಿಯತ್ ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ಡಿಫ್ತೀರಿಯಾ ಬಂದಾಗ ಅವರಲ್ಲಿ ದೊಡ್ಡವರೇ ಬಹಳಷ್ಟಿದ್ದರು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರು ಡೋಸ್: 6 ವಾರದಿಂದ ಶುರುಮಾಡಿ ಕನಿಷ್ಠ 4 ವಾರ ಅಂತರದಲ್ಲಿ ಮೂರು, ನಂತರ 12ರಿಂದ 23 ತಿಂಗಳಿಗೆ, 4ರಿಂದ 7 ವರ್ಷಕ್ಕೆ, 9ರಿಂದ 15 ವರ್ಷಕ್ಕೆ ಒಂದೊಂದು ಬೂಸ್ಟರ್. ಏಳು ವರ್ಷ ದಾಟಿದವರಿಗೆ ಡಿಫ್ತೀರಿಯಾ ಅಂಶ ಕಡಿಮೆ ಇರುವ ಟಿಡಿ (ಧನುರ್ವಾಯು-ಡಿಫ್ತೀರಿಯಾ ಲಸಿಕೆ) ಕೊಡುತ್ತಾರೆ, ದೊಡ್ಡ ಪ್ರಮಾಣಕ್ಕೆ ಅವರ ತೋಳು ವಿಪರೀತ ಊದಿಕೊಳ್ಳುತ್ತದೆ. ಏನೂ ಹಾಕಿಸಿಕೊಳ್ಳದ ವಯಸ್ಕರಿಗೆ ಟಿಡಿ ಮೂರು ಸಲ: ಇವತ್ತು, 4 ವಾರದ ಮೇಲೆ, ಅದಾಗಿ 6 ತಿಂಗಳಿಗೆ.

ಲಸಿಕೆ ಕೆಡುವುದು ಬಿಸಿಲಿಗಿಂತ ಹಿಮಕ್ಕೆ ಬೇಗ. ಟಾಕ್ಸಾಯ್ಡ್ ಅಂಟಿಕೊಂಡಿರುವ ಅಲ್ಯೂಮಿನಿಯಂ ಲವಣ ಹೆಪ್ಪುಗಟ್ಟಿದರೆ ಗರಣೆಯಾಗುತ್ತದೆ, ಕರಗಿಸಿದರೂ ಮೊದಲಿನಂತಾಗದು. ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ, ಐಸ್‌ಪ್ಯಾಕ್‌ಗೆ ತಾಗದಂತೆ. ಅನುಮಾನ ಬಂದರೆ ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಫ್ರೀಜರ್‌ನಲ್ಲಿಟ್ಟು, ಕರಗಿಸಿ, ಅನುಮಾನದ ಸೀಸೆಯ ಜೊತೆ ಒಟ್ಟಿಗೆ ಅಲುಗಾಡಿಸಿ ಮೇಜಿನ ಮೇಲಿಟ್ಟು ಗಮನಿಸಿ. ಬೇಕೆಂದೇ ಹೆಪ್ಪುಗಟ್ಟಿಸಿದ್ದರಲ್ಲಿ ಗಷ್ಟು ಬೇಗ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಅನುಮಾನದ್ದರಲ್ಲೂ ಅಷ್ಟೇ ಬೇಗ ಇಳಿದರೆ ಎಸೆಯಿರಿ.

ಮನೆಯಲ್ಲಿ ಒಬ್ಬರಿಗೆ ಬಂದರೆ ಜೊತೆಗಿದ್ದವರೆಲ್ಲರ ಗಂಟಲು, ಮೂಗಿನ ಸ್ವಾಬ್ ತೆಗೆದು, ಫಲಿತಾಂಶಕ್ಕೆ ಕಾಯದೆ ಆಂಟಿಬಯೋಟಿಕ್ ಕೊಡುತ್ತಾರೆ: 7ರಿಂದ 10 ದಿನದ ಎರಿತ್ರೋಮೈಸಿನ್, ಅಥವಾ ಒಂದೇ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, ಆರು ವರ್ಷದೊಳಗಿನವರಿಗೆ 6 ಲಕ್ಷ ಯೂನಿಟ್, ಮೇಲಿನವರಿಗೆ 12 ಲಕ್ಷ. ಮಾತ್ರೆ ಪೂರ್ತಿ ಮಾಡುವುದು ಅನುಮಾನವೆನಿಸಿದರೆ ಇಂಜೆಕ್ಷನ್ನೇ ವಾಸಿ. ಕಳೆದ ಐದು ವರ್ಷದಲ್ಲಿ ಲಸಿಕೆ ಆಗಿಲ್ಲದವರಿಗೆ ಒಂದು ಡೋಸ್ ಕೂಡ. ದಿನಾ ಗಂಟಲು ನೋಡುವುದನ್ನು ಒಂದು ವಾರದಿಂದ ಹತ್ತು ದಿನ ಬಿಡಬಾರದು.

ಇನ್ನೊಂದು ಸಂಗತಿ ಬಹಳ ಕಡೆ ಮರೆತುಹೋಗುತ್ತದೆ. ಗಂಟಲಮಾರಿಯಿಂದ ಗುಣವಾದವರಿಗೂ ಲಸಿಕೆ ಬೇಕು. ಕಾಯಿಲೆ ತರಿಸುವಷ್ಟು ವಿಷ, ಪ್ರತಿರಕ್ಷೆ ಕಲಿಸಲು ಸಾಲದಿರಬಹುದು. ಅಷ್ಟು ಅಲ್ಪ ಪ್ರಮಾಣದಲ್ಲೇ ಅದು ಹಾನಿ ಮಾಡಿರುತ್ತದೆ. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮುನ್ನ ಮೊದಲ ಡೋಸ್ ಹಾಕಿಸಿ, ಉಳಿದವುಗಳ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು.